ಗ್ರೇಸ್ ಹಾಪರ್ ಮತ್ತು ಕನ್ನಡದ ಹುಡುಗ

ಜೋಗುಪಾಳ್ಯದ ನಮ್ಮ ನೆರೆಮನೆಯ ವಿದ್ಯಾರ್ಥಿಯೊಬ್ಬ ‘ರಸ್ಟ್’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುತ್ತಿದ್ದಾನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಈತ ಲೆಕ್ಕದಲ್ಲಿ ಚುರುಕು. ಆದರೆ ಗಣಕಯಂತ್ರ ತಪ್ಪನ್ನು ವಿವರಿಸುವ ಇಂಗ್ಲಿಷ್ ಒಕ್ಕಣೆಯನ್ನು ಕಂಡೊಡನೆ ಕಂಗೆಡುತ್ತಾನೆ. ಆತನ ಪೇಚಾಟ ನನಗೆ ಗ್ರೇಸ್ ಹಾಪರ್ ಅವರನ್ನು ನೆನಪಿಸುತ್ತದೆ.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಹಾಪರ್ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಹೇಳಿದರು. ಎರಡನೆಯ ಮಹಾಯುದ್ಧ ಅವರನ್ನು ಅಮೆರಿಕದ ನೌಕಾದಳಕ್ಕೆ ಸೆಳೆಯಿತು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಗಣಕಯಂತ್ರದ ಮುಂದೆ ನಿಂತಾಗ ಅವರಿಗೆ 37 ವರ್ಷ. ಪ್ರತಿಯೊಂದು ಆದೇಶವನ್ನೂ ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ಸಂಕೇತರೂಪದಲ್ಲಿ ಅದಕ್ಕೆ ಉಣಿಸಬೇಕಿತ್ತು.

ಈ ದುಡಿಮೆಯನ್ನು ಯಂತ್ರವೇ ಏಕೆ ಹೊರಬಾರದು ಎಂಬುದು ಹಾಪರ್ ಅವರ ಪ್ರಶ್ನೆ. 1952ರ ಹೊತ್ತಿಗೆ ಅವರು ಯೂನಿವ್ಯಾಕ್ ಯಂತ್ರಕ್ಕಾಗಿ ರೂಪಿಸಿದ ಎ-0 ಎಂಬ ವ್ಯವಸ್ಥೆ ಸಿದ್ಧ ಆದೇಶಗುಚ್ಛಗಳನ್ನು ಹುಡುಕಿ ಜೋಡಿಸುತ್ತಿತ್ತು. ಅದನ್ನು ಅವರು ‘ಕಂಪೈಲರ್’ ಎಂದು ಕರೆದರು. ಇಂದಿನ ಕಂಪೈಲರ್‌ಗಳು ಮನುಷ್ಯ ಬರೆದ ಇಡೀ ಪಠ್ಯವನ್ನು ಯಂತ್ರಸಂಕೇತಕ್ಕೆ ಭಾಷಾಂತರಿಸುತ್ತವೆ.

ಹಾಪರ್ ಅಲ್ಲಿಗೇ ನಿಲ್ಲಲಿಲ್ಲ. ವ್ಯಾಪಾರಸ್ಥರು ತಮ್ಮ ನಿತ್ಯದ ಪದಗಳಲ್ಲೇ ಯಂತ್ರಕ್ಕೆ ಆದೇಶ ಕೊಡುವಂತಾಗಬೇಕೆಂದು ಹಂಬಲಿಸಿದರು. 1950ರ ದಶಕದಲ್ಲಿ ಕಂಪನಿಯ ಆಡಳಿತಗಾರರ ಮುಂದೆ ಇಂಗ್ಲಿಷ್ ಪದಗಳ ಆದೇಶಗಳನ್ನು ಪ್ರದರ್ಶಿಸಿ, ಅವನ್ನೇ ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ನಡೆಸಿ ತೋರಿಸಿದರು. ಯಂತ್ರಕ್ಕೆ ಮೂರೂ ಒಂದೇ. ಆದರೆ ಅಮೆರಿಕದ ಯಂತ್ರಕ್ಕೆ ಪರಭಾಷೆ ಅರ್ಥವಾದೀತೆಂದು ಆಡಳಿತಗಾರರು ಒಪ್ಪಲಿಲ್ಲ. ಇಂಗ್ಲಿಷ್ ಮಾತ್ರ ಉಳಿಯಿತು. ಅಲ್ಲಿಂದ ಫ್ಲೋ-ಮ್ಯಾಟಿಕ್, ಅದರ ಆಧಾರದ ಮೇಲೆ 1960ರಲ್ಲಿ ಕೋಬಾಲ್ ಬಂದವು. 2000ನೇ ಇಸವಿಯ ದಿನಾಂಕದ ತೊಡಕನ್ನು ಸರಿಪಡಿಸಲು ಬೆಂಗಳೂರಿನ ತಂತ್ರಜ್ಞರು ತಿದ್ದಿದ್ದು ಬಹುಪಾಲು ಈ ಕೋಬಾಲ್ ಬರಹಗಳನ್ನೇ.

ನ್ಯಾನೋಸೆಕೆಂಡನ್ನು ವಿವರಿಸಲು ಅಷ್ಟು ಅವಧಿಯಲ್ಲಿ ಬೆಳಕು ಚಲಿಸುವ ದೂರದ, ಅಂದರೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಾಪರ್ ಸಭಿಕರಿಗೆ ಹಂಚುತ್ತಿದ್ದರು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಅವರು 1992ರ ಜನವರಿ 1ರಂದು ತೀರಿಕೊಂಡರು.

ಅವರ ತಂತಿಯನ್ನು ನೆನೆದು ನಾನೂ ಹುಡುಗನಿಗೆ ಒಂದು ಉಪಾಯ ಮಾಡಿದೆ. ರಸ್ಟ್‌ನಲ್ಲಿ ಒಂದು ಹೆಸರಿಗೆ ಕೊಟ್ಟ ಮೌಲ್ಯವನ್ನು, ಬದಲಾಗಬಹುದೆಂದು ಮೊದಲೇ ಸೂಚಿಸದೆ ಬದಲಿಸುವಂತಿಲ್ಲ. ಬದಲಿಸಿದರೆ ಪ್ರೋಗ್ರಾಮ್ ನಡೆಯುವ ಮುನ್ನವೇ ಕಂಪೈಲರ್ ತಡೆಯುತ್ತದೆ. ಅನುಮತಿಯಿಲ್ಲದೆ ಕಚೇರಿಯ ರಿಜಿಸ್ಟರ್ ತಿದ್ದಬಾರದೆಂಬ ನಿಯಮದಂತೆ ಇದು ಎಂದೆ. ತಕ್ಷಣ ಅರ್ಥವಾಯಿತು. 2021ರಿಂದ ರಸ್ಟ್ ಕನ್ನಡ ಲಿಪಿಯ ಹೆಸರುಗಳನ್ನೂ ಸ್ವೀಕರಿಸುತ್ತದೆ. ಹುಡುಗ ‘ಬೆಲೆ’, ‘ಮೊತ್ತ’ ಎಂದೇ ಬರೆದ. ಯಂತ್ರ ತಕರಾರು ಮಾಡಲಿಲ್ಲ.

ಸುಮಾರು 40 ಇಂಗ್ಲಿಷ್ ಮೂಲಪದಗಳನ್ನು ಯಾವ ವಿದ್ಯಾರ್ಥಿಯೂ ಕಲಿತಾನು. ಆದರೆ ಅವುಗಳ ಹಿಂದಿನ ತರ್ಕವನ್ನು ಕನ್ನಡದಲ್ಲಿ ತಿಳಿಸುವ ಪಠ್ಯಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಒದಗಿಸಬೇಕು. ಯಂತ್ರಕ್ಕಿಲ್ಲದ ಭಾಷಾಭೇದವನ್ನು ಕಲಿಯುವವನ ಮೇಲೆ ಹೇರುವುದು ಅನ್ಯಾಯ.