ಎಲ್ಲರ ಶಾಲೆಯನ್ನು ಉಳಿಸಿದ ಥ್ಯಾಡಿಯಸ್ ಸ್ಟೀವನ್ಸ್



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಅಮೆರಿಕಾದ ವಕೀಲರೊಬ್ಬರ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಇದೆ. ಹತ್ತು ಜನರ ದುಡ್ಡಿನಿಂದ ಕಟ್ಟಿದ್ದು ಹತ್ತು ಜನರ ಕೈಯಲ್ಲೇ ಇರಬೇಕು ಎಂಬುದು ಸಹಕಾರದ ಮೂಲಮಂತ್ರ. ಇದೇ ಮಾತನ್ನು ಶಾಲೆಯ ವಿಷಯದಲ್ಲಿ ಹಿಡಿದು, ಮತದಾರರ ಸಿಟ್ಟನ್ನೂ ಲೆಕ್ಕಿಸದೆ ನಿಂತವರು ಥ್ಯಾಡಿಯಸ್ ಸ್ಟೀವನ್ಸ್. ಅಬ್ರಹಾಂ ಲಿಂಕನ್ ಕಾಲದಲ್ಲಿ ಗುಲಾಮಗಿರಿ ತೊಲಗಿಸಲು ಹೋರಾಡಿದವರು ಅಂತ ಚರಿತ್ರೆ ಓದಿದವರಿಗೆ ಇವರ ಹೆಸರು ಗೊತ್ತು. ಶಾಲೆಗಾಗಿ ಇವರು ಮಾಡಿದ ಕೆಲಸ ನಮ್ಮ ಕಡೆ ಅಷ್ಟಾಗಿ ತಿಳಿದಿಲ್ಲ.

ಸ್ಟೀವನ್ಸ್ ಅವರು ಹುಟ್ಟಿದ್ದು 1792ನೇ ಇಸವಿ ಏಪ್ರಿಲ್ 4ರಂದು, ವರ್ಮಾಂಟ್ ರಾಜ್ಯದ ಡ್ಯಾನ್ವಿಲ್ ಎಂಬ ಹಳ್ಳಿಯಲ್ಲಿ. ಹುಟ್ಟಿನಿಂದಲೇ ಒಂದು ಕಾಲು ಸೊಟ್ಟ. ನಾಲ್ಕು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ತಂದೆ ಸಂಸಾರ ಬಿಟ್ಟು ಹೋದರು. ತಾಯಿ ಸಾರಾ ಎದೆಗುಂದಲಿಲ್ಲ. ಕುಂಟು ಮಗ ಹೊಲದ ಕೆಲಸಕ್ಕೆ ಆಗೋದಿಲ್ಲ, ವಿದ್ಯೆಯೇ ಅವನಿಗೆ ಗತಿ ಅಂತ ತಿಳಿದ ಆಕೆ, ಒಳ್ಳೆಯ ಶಾಲೆ ಇದ್ದ ಪೀಚಮ್ ಊರಿಗೇ ಬಿಡಾರ ಬದಲಾಯಿಸಿದರು. ಮೈಮುರಿದು ದುಡಿದು ಮಗನನ್ನು ಓದಿಸಿದರು. ಮಗ 1814ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಪಡೆದು, ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಬಂದು, ಮೇಷ್ಟ್ರ ಕೆಲಸ ಮಾಡುತ್ತಲೇ ಕಾನೂನು ಓದಿದರು. 1816ರಲ್ಲಿ ಗೆಟಿಸ್‌ಬರ್ಗ್ ಊರಿನಲ್ಲಿ ವಕೀಲಿ ಶುರುಮಾಡಿದರು. ಕೈಯಲ್ಲಿ ದುಡ್ಡು ಆಡಿದ ಮೇಲೆ ತಾಯಿಗೆ ಹೊಲ ಕೊಡಿಸಿ, ಹಾಲಿನ ಹಸುಗಳನ್ನೂ ಕಟ್ಟಿಸಿಕೊಟ್ಟರು. 1833ರಲ್ಲಿ ರಾಜ್ಯದ ಶಾಸನಸಭೆಗೆ ಆರಿಸಿ ಬಂದರು.

ಆಗ ಪೆನ್ಸಿಲ್ವೇನಿಯಾದಲ್ಲಿ ಶಾಲೆಯ ಏರ್ಪಾಡು ಹೇಗಿತ್ತು ನೋಡಿ. 1809ರ ಒಂದು ಕಾಯಿದೆ ಇತ್ತು. ಅದರ ಪ್ರಕಾರ ಕಂದಾಯದ ನೌಕರ ಮನೆಮನೆಗೆ ಬಂದು, ಫೀಸು ಕಟ್ಟಲು ಆಗದ ಬಡವರ ಮಕ್ಕಳ ಹೆಸರು ಬರೆದುಕೊಳ್ಳಬೇಕು. ಆ ಮಕ್ಕಳು ಹತ್ತಿರದ ಖಾಸಗಿ ಶಾಲೆಗೋ ಚರ್ಚಿನ ಶಾಲೆಗೋ ಹೋದರೆ ಜಿಲ್ಲೆಯ ಖಜಾನೆಯಿಂದ ಫೀಸು ಸಂದಾಯ ಆಗುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ನಾವು ಗತಿಯಿಲ್ಲದವರು ಅಂತ ಪಟ್ಟಿಯಲ್ಲಿ ಬರೆಸಲು ಯಾವ ತಂದೆಗೆ ಮನಸ್ಸು ಬರುತ್ತದೆ? ಬಹಳ ಜನ ಮಾನಕ್ಕೆ ಅಂಜಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರು. ಹೋದ ಮಕ್ಕಳನ್ನು ಧರ್ಮಕ್ಕೆ ಓದುವವರು ಅಂತ ಉಳಿದವರು ಕೀಳಾಗಿ ಕಂಡರು. ಸರ್ಕಾರದ ಹಣ ಖರ್ಚಾಯಿತು, ಆದರೆ ಊರಿಗೆ ಅಂತ ಒಂದು ಶಾಲೆ ಆಗಲಿಲ್ಲ.

1834ರಲ್ಲಿ ಗವರ್ನರ್ ಜಾರ್ಜ್ ವುಲ್ಫ್ ಅವರ ಕಾಲದಲ್ಲಿ ಹೊಸ ಕಾಯಿದೆ ಬಂತು. ಆಸ್ತಿ ಇದ್ದವರೆಲ್ಲ ತೆರಿಗೆ ಕೊಡಬೇಕು, ಊರವರು ನಮ್ಮ ಸಂಘದ ಹಾಗೆ ಆರು ಜನ ನಿರ್ದೇಶಕರನ್ನು ಆರಿಸಿಕೊಳ್ಳಬೇಕು, ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳೂ ಆ ಶಾಲೆಯಲ್ಲಿ ಫೀಸಿಲ್ಲದೆ ಓದಬಹುದು. ಇದಕ್ಕೆ ದೊಡ್ಡ ಗಲಾಟೆ ಎದ್ದಿತು. ಮಕ್ಕಳಿಲ್ಲದವರು ನಾವೇಕೆ ಕೊಡಬೇಕು ಅಂದರು. ಚರ್ಚಿನ ಶಾಲೆ ಇದ್ದವರು ಎರಡು ಕಡೆ ದುಡ್ಡು ಕೊಡಬೇಕೇ ಅಂದರು. ಜರ್ಮನ್ ಮಾತಾಡುವ ರೈತರಿಗೆ ತಮ್ಮ ಭಾಷೆ ಹೋಗುತ್ತದೆ ಎಂಬ ಭಯ. ಈ ಮಾತುಗಳಲ್ಲಿ ಹುರುಳಿಲ್ಲ ಅಂತ ನಾವು ತಳ್ಳಿಹಾಕುವುದಿಲ್ಲ. ರೈತನಿಗೆ ತೆರಿಗೆಯ ಭಾರ ಏನೆಂದು ನಮಗೂ ಗೊತ್ತು.

ಕಾಯಿದೆ ರದ್ದು ಮಾಡಿ ಅಂತ ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದರು. ಬೇಕು ಎಂದವರ ಸಹಿ ಅದರ ಮುಂದೆ ಏನೇನೂ ಅಲ್ಲ. 1835ರಲ್ಲಿ ಮೇಲ್ಮನೆ ರದ್ದತಿಗೆ ಒಪ್ಪಿ, ಬಡ ಮಕ್ಕಳಿಗೆ ಮಾತ್ರ ಧರ್ಮದ ವಿದ್ಯೆ ಕೊಡುವ ಹಳೇ ಪದ್ಧತಿಗೇ ಹೋಗೋಣ ಎಂದಿತು. ವಿಷಯ ಕೆಳಮನೆಗೆ ಬಂತು. ಸ್ಟೀವನ್ಸ್ ಅವರ ಸ್ವಂತ ಜಿಲ್ಲೆಯವರೂ ರದ್ದತಿಯ ಕಡೆಗೇ ಇದ್ದರು.

ಏಪ್ರಿಲ್ 11ರಂದು ಈ ಕುಂಟುಕಾಲಿನ ವಕೀಲರು ಎದ್ದು ನಿಂತರು. ಬಡವರ ಪಟ್ಟಿ ಮಾಡುವುದೆಂದರೆ ಮಕ್ಕಳಿಗೆ ಬರೆ ಹಾಕಿ ಗುರುತು ಮಾಡಿದ ಹಾಗೆ ಅಂತ ವಾದಿಸಿದರು. ಕಳ್ಳತನ ಮಾಡದವನೂ ಜೈಲಿಗೆ, ವ್ಯಾಜ್ಯ ಇಲ್ಲದವನೂ ಕೋರ್ಟಿಗೆ ತೆರಿಗೆ ಕೊಡುತ್ತಾನೆ. ಹಾಗಿದ್ದ ಮೇಲೆ ಜೈಲು ತುಂಬದಂತೆ ಮಾಡುವ ಶಾಲೆಗೆ ಕೊಡಲು ಏನು ನಷ್ಟ ಎಂಬುದು ಅವರ ತರ್ಕ. ಗವರ್ನರ್ ವುಲ್ಫ್ ಬೇರೆ ಪಕ್ಷದವರು, ಆದರೂ ಅವರನ್ನು ತುಂಬು ಮನಸ್ಸಿನಿಂದ ಹೊಗಳಿದರು. ಭಾಷಣ ಮುಗಿದ ಮೇಲೆ ಕೆಳಮನೆ ಕಾಯಿದೆಯನ್ನು ಉಳಿಸಿತು, ಮೇಲ್ಮನೆಯೂ ಒಪ್ಪಬೇಕಾಯಿತು. ಅದೇ ವರ್ಷದ ಚುನಾವಣೆಯಲ್ಲಿ ವುಲ್ಫ್ ಸೋತರು, ಶಾಲೆ ಮಾತ್ರ ಉಳಿಯಿತು.

ಮುಂದೆ ಕರಿಯರಿಗೆ ಮತದ ಹಕ್ಕು ತಪ್ಪಿಸಿದ 1838ರ ರಾಜ್ಯ ಸಂವಿಧಾನಕ್ಕೆ ಸ್ಟೀವನ್ಸ್ ಸಹಿ ಹಾಕಲಿಲ್ಲ. ದೇಶದ ಕಾಂಗ್ರೆಸ್ಸಿಗೆ ಹೋಗಿ, 1865ರಲ್ಲಿ ಗುಲಾಮಗಿರಿ ಅಳಿಸಿದ ತಿದ್ದುಪಡಿಗೆ ದುಡಿದರು. 1868ರ ಆಗಸ್ಟ್ 11ರಂದು ತೀರಿಕೊಂಡರು. ಬಿಳಿಯರಿಗೆ ಮಾತ್ರ ಎನ್ನುವ ಸ್ಮಶಾನ ಬೇಡವೆಂದು, ಲ್ಯಾಂಕಾಸ್ಟರ್ ಊರಿನಲ್ಲಿ ಎಲ್ಲರಿಗೂ ಜಾಗ ಇದ್ದ ಸಣ್ಣ ಸ್ಮಶಾನದಲ್ಲೇ ಮಣ್ಣಾದರು. ಅನಾಥ ಮಕ್ಕಳಿಗಾಗಿ ಇಟ್ಟುಹೋದ ಹಣದಿಂದ ಅದೇ ಊರಿನಲ್ಲಿ 1905ರಲ್ಲಿ ಒಂದು ಕೈಗಾರಿಕಾ ಶಾಲೆ ಹುಟ್ಟಿತು. ಅದು ಈಗ ಕಾಲೇಜಾಗಿದೆ. ಇಷ್ಟೆಲ್ಲ ಮಾಡಿದರೂ, 1835ರ ಶಾಲೆಯ ಭಾಷಣವೇ ತಮ್ಮ ಬಾಳಿನ ಅತಿ ಉಪಯುಕ್ತ ಕೆಲಸ ಅಂತ ಅವರು ತಿಳಿದಿದ್ದರು.

ಆ ಜಗಳ ಅಲ್ಲಿಗೇ ಮುಗಿದಿಲ್ಲ. 1955ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ವೋಚರ್ ಯೋಚನೆ ಮುಂದಿಟ್ಟರು. ಸರ್ಕಾರ ಮಗುವಿನ ಹೆಸರಿಗೆ ಹಣದ ಚೀಟಿ ಕೊಡುತ್ತದೆ, ಹೆತ್ತವರು ಅದನ್ನು ತಮಗೆ ಇಷ್ಟವಾದ ಖಾಸಗಿ ಶಾಲೆಗೆ ಕಟ್ಟಬಹುದು. ಕೆಲವು ರಾಜ್ಯಗಳಲ್ಲಿ ಇದು ಜಾರಿಗೂ ಬಂದಿದೆ. ಸ್ಟೀವನ್ಸರ ಪೆನ್ಸಿಲ್ವೇನಿಯಾದಲ್ಲಿ 1995 ಮತ್ತು 1999ರಲ್ಲಿ ಗವರ್ನರ್ ಟಾಮ್ ರಿಡ್ಜ್ ಪ್ರಯತ್ನಪಟ್ಟರೂ ಮಸೂದೆ ಪಾಸಾಗಲಿಲ್ಲ. 2023ರಲ್ಲಿ 10 ಕೋಟಿ ಡಾಲರಿನ ವೋಚರ್ ಯೋಜನೆ ಬಜೆಟ್ಟಿನಲ್ಲಿ ಸೇರಿತ್ತು. ಸರ್ಕಾರಿ ಶಾಲೆಯ ಪರ ನಿಂತ ಕೆಳಮನೆಯವರು ಒಪ್ಪಲಿಲ್ಲ. ಮೊದಲು ಆ ಯೋಚನೆಗೆ ಒಲವು ತೋರಿದ್ದ ಗವರ್ನರ್ ಜಾಶ್ ಶಪಿರೋ ತಾವೇ ಅದನ್ನು ಹೊಡೆದುಹಾಕಿದರು.

ಇಷ್ಟವಾದ ಶಾಲೆ ಆರಿಸಿಕೊಳ್ಳುವುದು ತಪ್ಪೇ ಅಂತ ಕೇಳುವವರಿದ್ದಾರೆ. ತಪ್ಪಲ್ಲ. ಆದರೆ ಲೆಕ್ಕ ನೋಡಬೇಕು. ನೂರು ಮಕ್ಕಳಲ್ಲಿ ಇಪ್ಪತ್ತು ಮಕ್ಕಳು ಹಣದ ಸಮೇತ ಎದ್ದು ಹೋದರೆ, ಉಳಿದ ಎಂಬತ್ತು ಮಕ್ಕಳ ಶಾಲೆಗೆ ಸೂರಿನ ಖರ್ಚು ಕಮ್ಮಿ ಆಗುವುದಿಲ್ಲ. ನಮ್ಮ ಸದಸ್ಯರೆಲ್ಲ ಷೇರು ಹಣ ವಾಪಸ್ಸು ಪಡೆದು ಮಂಡಿ ಸಾಹುಕಾರರ ಹತ್ತಿರ ಇಟ್ಟರೆ ಎರಡು ವರ್ಷ ಬಡ್ಡಿ ಚೆನ್ನಾಗಿ ಬಂದೀತು. ಮೂರನೇ ವರ್ಷ ಗೊಬ್ಬರಕ್ಕೆ ಸಾಲ ಬೇಕಾದಾಗ ಸಂಘದ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಒಂದು ಏರ್ಪಾಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಯ ಪ್ರವೇಶ ತರಗತಿಯಲ್ಲಿ ಶೇಕಡಾ 25 ಸೀಟು ದುರ್ಬಲ ವರ್ಗದ ಮಕ್ಕಳಿಗೆ, ಶುಲ್ಕ ಸರ್ಕಾರದ್ದು. ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ 2019ರಲ್ಲಿ ಕರ್ನಾಟಕ ನಿಯಮ ಬದಲಾಯಿಸಿತು. ಬಡ ಮಗುವಿನ ಅವಕಾಶ ಕಿತ್ತುಕೊಂಡರು ಎಂಬ ದೂರೂ ಬಂತು. ನಾವು ಹೇಳುವುದಿಷ್ಟೇ, ಸೀಟು ತೆಗೆದ ಮೇಲೆ ಊರ ಶಾಲೆಗೆ ಮೇಷ್ಟ್ರನ್ನೂ ಕೊಠಡಿಯನ್ನೂ ಕೊಡಲೇಬೇಕು. ಬರೀ ಬಾಗಿಲು ತೆರೆದಿಟ್ಟರೆ ಅದು ಎಲ್ಲರ ಶಾಲೆ ಆಗುವುದಿಲ್ಲ.

ಸ್ಟೀವನ್ಸರು ಮಕ್ಕಳಿಲ್ಲದ ಬ್ರಹ್ಮಚಾರಿ. ಆದರೂ ಊರ ಮಕ್ಕಳ ಶಾಲೆಗೆ ತೆರಿಗೆ ಕೊಡುವುದು ತಮ್ಮ ಕರ್ತವ್ಯ ಎಂದರು. ನಮ್ಮ ಮಕ್ಕಳು ಎಲ್ಲೇ ಓದಲಿ, ಊರ ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಭೆಗೆ ನಾವು ಹೋಗೋಣ. ಮೇಷ್ಟ್ರು ಬೇಕಾದರೆ ಸಂಘದ ಹೆಸರಿನಲ್ಲೇ ಅರ್ಜಿ ಕೊಡೋಣ. ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ವರ್ಷ ಇಷ್ಟು ಮಾಡಿದರೆ ಬೆಳ್ಳಿಹಬ್ಬ ಸಾರ್ಥಕ ಅಂತ ನಾವು ತಿಳಿದಿದ್ದೇವೆ.