ಇನ್ನೊಬ್ಬ ಕುಡುಕನನ್ನು ಹುಡುಕಿ ಹೊರಟವರು: ಬಿಲ್ ವಿಲ್ಸನ್



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ಪಂಚಶೀಲದ ಐದನೆಯ ಶೀಲವೂ ಅದೇ. ಪ್ರತಿಜ್ಞೆ ಮಾಡುವುದು ಒಂದು ಗಳಿಗೆಯ ಕೆಲಸ, ಉಳಿಸಿಕೊಳ್ಳುವುದು ಪ್ರತಿದಿನದ ಕೆಲಸ. ಕುಡಿತ ಕಾಯಿಲೆಯಾಗಿ ಅಂಟಿಕೊಂಡವರಿಗೆ ಅದು ಒಬ್ಬರಿಂದಲೇ ಆಗುವುದೂ ಕಷ್ಟ. ಇದನ್ನು ತಮ್ಮ ಬದುಕಿನಿಂದಲೇ ಕಂಡುಕೊಂಡ ಅಮೆರಿಕದ ಬಿಲ್ ವಿಲ್ಸನ್ ಅವರನ್ನು ಇಂದು ನೆನೆಯೋಣ.

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ ತಾಯಿಯ ತಂದೆ ತಾಯಿಯೇ ಸಾಕಿದರು. ನಾಲ್ಕು ಜನರ ನಡುವೆ ಬೆರೆಯಲು ಹಿಂಜರಿಯುವ ಹುಡುಗ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದಾಗ ಒಂದು ಔತಣದಲ್ಲಿ ಕುಡಿತ ಶುರುವಾಯಿತು. ಕುಡಿದಾಗ ಆ ಸಂಕೋಚ ಮಾಯವಾಗುತ್ತಿತ್ತು. ಅಷ್ಟೇ ಸಾಕಾಯಿತು, ಕುಡಿತ ಅವರನ್ನು ಹಿಡಿದುಕೊಂಡಿತು.

1918ರಲ್ಲಿ ಲೋಯಿಸ್ ಅವರನ್ನು ಮದುವೆಯಾದರು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಒಳ್ಳೆಯ ಹೆಸರು, ಹಣ ಎರಡೂ ಬಂದವು. 1929ರಲ್ಲಿ ಪೇಟೆ ಕುಸಿಯಿತು. ಹಣ ಹೋಯಿತು, ಕುಡಿತ ಉಳಿಯಿತು. ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸಿದರು. ಬಿಲ್ ಮತ್ತೆ ಮತ್ತೆ ಆಸ್ಪತ್ರೆ ಸೇರಿದರು, ಮತ್ತೆ ಮತ್ತೆ ಆಣೆ ಮಾಡಿ ಮುರಿದರು. ಅಲ್ಲಿನ ವೈದ್ಯ ಸಿಲ್ಕ್‌ವರ್ತ್ ಕುಡಿತವನ್ನು ನಡತೆಗೇಡೆಂದು ಹೀಯಾಳಿಸಲಿಲ್ಲ. ಅದು ದೇಹ ಮತ್ತು ಮನಸ್ಸು ಎರಡನ್ನೂ ಹಿಡಿಯುವ ಕಾಯಿಲೆ ಎಂದು ವಿವರಿಸಿದರು.

1934ರ ಕೊನೆಯಲ್ಲಿ ಕುಡಿತದ ಹಳೆಯ ಗೆಳೆಯನೊಬ್ಬ ಕುಡಿಯದೆ ಮನೆಗೆ ಬಂದ. ತಾನು ಹೇಗೆ ಬಿಟ್ಟೆನೆಂದು ಹೇಳಿದ. ಅದು ಬಿಲ್ ಅವರ ಮನಸ್ಸಿನಲ್ಲಿ ನಿಂತಿತು. ಆ ಡಿಸೆಂಬರಿನಲ್ಲಿ ಕೊನೆಯ ಬಾರಿ ಆಸ್ಪತ್ರೆ ಸೇರಿದವರು ಮುಂದೆ ಸಾಯುವವರೆಗೂ ಕುಡಿಯಲಿಲ್ಲ. ಆಸ್ಪತ್ರೆಯಲ್ಲಿ ತಮಗಾದ ಅನುಭವವನ್ನು ಅವರು ದೈವಾನುಭವವೆಂದೇ ನಂಬಿದರು. ಆದರೆ ನಮಗೆ ಮುಖ್ಯವಾದುದು ಅದರ ನಂತರದ ಕಥೆ.

ಮುಂದಿನ ಐದಾರು ತಿಂಗಳು ಬಿಲ್ ಕುಡುಕರನ್ನು ಹುಡುಕಿ ಉಪದೇಶ ಮಾಡಿದರು. ಒಬ್ಬರೂ ಬಿಡಲಿಲ್ಲ. ಉಪದೇಶ ಬಿಟ್ಟು ಕಾಯಿಲೆಯ ಬಗ್ಗೆ ಮಾತಾಡುವಂತೆ ವೈದ್ಯರು ತಿದ್ದಿದರು. 1935ರ ಮೇ ತಿಂಗಳಲ್ಲಿ ವ್ಯಾಪಾರದ ಕೆಲಸಕ್ಕೆ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋದರು. ಕೆಲಸ ಕೆಟ್ಟಿತು. ಕೈಯಲ್ಲಿ ಹಣವಿಲ್ಲ, ಊರಿನಲ್ಲಿ ಗುರುತಿನವರಿಲ್ಲ. ಹೋಟೆಲಿನ ಒಂದು ಬದಿಯಲ್ಲಿ ಬಾರ್, ಇನ್ನೊಂದು ಬದಿಯಲ್ಲಿ ಟೆಲಿಫೋನ್. ಬಾರಿನ ಕಡೆ ಕಾಲು ಎಳೆಯುತ್ತಿದ್ದಾಗ ಅವರಿಗೆ ಒಂದು ಸತ್ಯ ಹೊಳೆಯಿತು: ಇಷ್ಟು ದಿನ ಯಾರನ್ನೂ ಬಿಡಿಸಲಾಗದಿದ್ದರೂ, ಆ ಪ್ರಯತ್ನವೇ ತನ್ನನ್ನು ಉಳಿಸಿತ್ತು. ಈಗ ತನಗೆ ಬೇಕಾದುದು ಇನ್ನೊಬ್ಬ ಕುಡುಕ.

ಫೋನ್ ಹಿಡಿದರು. ಒಬ್ಬರಿಂದ ಇನ್ನೊಬ್ಬರಿಗೆ ವಿಚಾರಿಸುತ್ತಾ ಕೊನೆಗೆ ಶಸ್ತ್ರವೈದ್ಯ ಬಾಬ್ ಸ್ಮಿತ್ ಸಿಕ್ಕರು. ವೈದ್ಯರಾಗಿದ್ದೂ ಕುಡಿತ ಬಿಡಲಾಗದೆ ಸೋತವರು. ಮೇ 12ರಂದು ಹದಿನೈದು ನಿಮಿಷಕ್ಕೆಂದು ಒಪ್ಪಿ ಬಂದವರು ಗಂಟೆಗಟ್ಟಲೆ ಕುಳಿತರು. ಬಿಲ್ ಬುದ್ಧಿ ಹೇಳಲಿಲ್ಲ, ತಮ್ಮ ಕಥೆ ಹೇಳಿಕೊಂಡರು. ಬಾಬ್ ಬಿಟ್ಟರು, ಒಮ್ಮೆ ಮತ್ತೆ ಬಿದ್ದರು, ಮತ್ತೆ ಎದ್ದರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ಇಬ್ಬರೂ ಸೇರಿ ಆಸ್ಪತ್ರೆಯಲ್ಲಿದ್ದ ಮೂರನೆಯವರ ಬಳಿಗೆ ಹೋದರು.

1939ರಲ್ಲಿ ಅವರ ಪುಸ್ತಕ ಬಂತು. ಅದರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತಿದೆ. ಗುಂಪಿನಲ್ಲಿದ್ದ ನಾಸ್ತಿಕರು ತಕರಾರು ತೆಗೆದಾಗ ಬಿಲ್ ಕಿವಿಗೊಟ್ಟರು. ಅವರವರು ತಿಳಿದುಕೊಂಡಂತೆ ಎಂಬ ಅರ್ಥದ ಮಾತನ್ನು ಸೇರಿಸಲಾಯಿತು. ದೇವರನ್ನು ಒಪ್ಪದ ಅನೇಕರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿಯೆಂದು ಭಾವಿಸಿ ಇಂದಿಗೂ ಅಲ್ಲಿ ಕೂರುತ್ತಾರೆ.

ಬಿಲ್ ದೋಷವಿಲ್ಲದವರಲ್ಲ. ವರ್ಷಗಟ್ಟಲೆ ಖಿನ್ನತೆಯಿಂದ ನರಳಿದರು. ಸಿಗರೇಟು ಅವರ ಶ್ವಾಸಕೋಶವನ್ನು ಹಾಳುಮಾಡಿತು. ಆದರೆ ಗುರುಪೀಠ ಕಟ್ಟಿಕೊಳ್ಳಲಿಲ್ಲ. 1955ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಸಂಸ್ಥೆಯ ಹೊಣೆಯನ್ನು ಗುಂಪುಗಳಿಗೇ ಒಪ್ಪಿಸಿದರು. ಭಗವಾನ್ ಬುದ್ಧರು ಉತ್ತರಾಧಿಕಾರಿಯನ್ನು ನೇಮಿಸದೆ ಧಮ್ಮವನ್ನೇ ಬಿಟ್ಟುಹೋದುದು ಇಲ್ಲಿ ನೆನಪಾಗುತ್ತದೆ. 1971ರ ಜನವರಿ 24ರಂದು, ತಮ್ಮ ಮದುವೆಯ ದಿನದಂದೇ, ಬಿಲ್ ತೀರಿಕೊಂಡರು.

ಇಂದು ಎ.ಎ. ಸಭೆಗಳು ನಮ್ಮ ದೇಶದಲ್ಲೂ ಇವೆ, ಕನ್ನಡದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ. ಜಾತಿ, ಮನೆತನ ಕೇಳುವುದಿಲ್ಲ, ಹೆಸರಷ್ಟೇ ಸಾಕು. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮೊದಲ ದಿನ ಮಾತಾಡದೆ ಕೇಳಿಸಿಕೊಂಡು ಬರಬಹುದು, ಪ್ರಾರ್ಥನೆಯಿದ್ದರೆ ಮೌನವಾಗಿರಬಹುದು. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದು ಸಭೆಗೆ ಹೋಗಬಹುದು. ಮನೆಯವರಿಗಾಗಿ ಲೋಯಿಸ್ ಮುಂದಾಗಿ ಕಟ್ಟಿದ ಅಲ್-ಅನಾನ್ ಗುಂಪುಗಳಿವೆ. ಒಂದು ಎಚ್ಚರಿಕೆ: ವರ್ಷಗಳಿಂದ ದಿನವೂ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಕಲ್ಯಾಣಮಿತ್ರರ ಸಂಗ ಧಮ್ಮಮಾರ್ಗದ ಅರ್ಧವಲ್ಲ, ಇಡಿಯೇ ಎಂದು ಬುದ್ಧರು ಆನಂದನಿಗೆ ತಿಳಿಸಿದ್ದರು. ಶೀಲ ಮುರಿದವರು ನಾಚಿಕೆಯಿಂದ ಮೊದಲು ಬಿಡುವುದು ವಿಹಾರವನ್ನು. ಈ ಭಾನುವಾರ ವಂದನೆಗೆ ಬಾರದೆ ಉಳಿದವರು ಯಾರೆಂದು ನೋಡೋಣ. ಉಪದೇಶ ಬೇಡ. ಸಭೆ ಎಲ್ಲಿದೆಯೆಂದು ವಿಚಾರಿಸಿಕೊಂಡು, ಜೊತೆಯಲ್ಲಿ ಬಾಗಿಲವರೆಗೆ ಹೋಗಿಬರೋಣ.

ಜೈಭೀಮ್. ನಮೋ ಬುದ್ಧಾಯ.