ಚಿತ್ರ ಬರೆದು ಮಿದುಳನ್ನು ಅರಿತ ಕಹಾಲನು

ಸಾಂತಿಯಾಗೊ ರಾಮೋನ್ ಇ ಕಹಾಲನು 1852ನೆಯ ಇಸವಿ ಮೇ 1ರಂದು ಸ್ಪೇನ್ ದೇಶದ ಒಂದು ಬೆಟ್ಟದ ಹಳ್ಳಿಯಲ್ಲಿ ಜನಿಸಿದನು. ತಂದೆಯು ವೈದ್ಯನು, ಬಹು ಕಟ್ಟುನಿಟ್ಟಿನವನು. ಮಗನಿಗಾದರೋ ಚಿತ್ರ ಬರೆಯುವುದೊಂದೇ ಹುಚ್ಚು. ಪಾಠದಲ್ಲಿ ಲಕ್ಷ್ಯವಿಲ್ಲದ ಹುಡುಗನನ್ನು ತಂದೆಯು ಕ್ಷೌರಿಕನ ಬಳಿಯಲ್ಲಿಯೂ ಪಾದರಕ್ಷೆ ಹೊಲಿಯುವವನ ಬಳಿಯಲ್ಲಿಯೂ ಕೆಲಸಕ್ಕಿಟ್ಟನು. ಆದರೂ ಹುಡುಗನು ಚಿತ್ರವನ್ನು ಬಿಡಲಿಲ್ಲ. ಕಡೆಗೆ ತಂದೆಯೇ ಒಂದು ಉಪಾಯವನ್ನು ಕಂಡುಕೊಂಡನು. ಹಳೆಯ ಸ್ಮಶಾನದಿಂದ ಎಲುಬುಗಳನ್ನು ತಂದು, ಅವುಗಳ ಚಿತ್ರವನ್ನು ಬರೆಯಿಸುತ್ತ ಶರೀರರಚನೆಯನ್ನು ಕಲಿಸಿದನು. ಮಗನು 1873ರಲ್ಲಿ ವೈದ್ಯಪದವಿಯನ್ನು ಪಡೆದು, ಸೈನ್ಯದೊಡನೆ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಕೃಶನಾಗಿ ಮರಳಿದನು.

1887ರಲ್ಲಿ ಕಹಾಲನಿಗೆ ಇಟಲಿಯ ಗಾಲ್ಜಿಯು ಕಂಡುಹಿಡಿದಿದ್ದ ಬೆಳ್ಳಿಯ ಲವಣದ ಕ್ರಮವು ಪರಿಚಯವಾಯಿತು. ಅದರಿಂದ ಮಿದುಳಿನ ಕೆಲವೇ ಕೋಶಗಳು ಪೂರ್ಣವಾಗಿ ಕಪ್ಪಾಗಿ ಸ್ಪಷ್ಟವಾಗಿ ತೋರುತ್ತವೆ. ಕಹಾಲನು ಆ ಕ್ರಮವನ್ನು ತಿದ್ದಿ, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ತನ್ನ ಕೈಯಿಂದಲೇ ಚಿತ್ರಿಸಿದನು. ನರಗಳೆಲ್ಲವೂ ಒಂದೇ ಬಲೆಯೆಂಬುದು ಗಾಲ್ಜಿಯ ಮತವಾಗಿತ್ತು. ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಕೊಂಬೆಗೆ ಕೊಂಬೆ ಹೆಣೆದಂತೆ ತೋರಿದರೂ ಮರಗಳು ಬೇರೆಬೇರೆಯೇ ಅಲ್ಲವೆ? ನರಕೋಶಗಳೂ ಹಾಗೆಯೇ ಬಿಡಿಬಿಡಿಯೆಂದು ಕಹಾಲನು 1888ರಲ್ಲಿ ಸಾರಿದನು. ಮರುವರ್ಷ ಬರ್ಲಿನ್ ನಗರಕ್ಕೆ ಹೋಗಿ ತನ್ನ ಮಾದರಿಗಳನ್ನು ಪಂಡಿತರ ಕಣ್ಣಿಗೇ ತೋರಿಸಿ ಒಪ್ಪಿಸಿದನು. 1906ರಲ್ಲಿ ಭಿನ್ನಮತದ ಈ ಇಬ್ಬರಿಗೂ ನೊಬೆಲ್ ಪಾರಿತೋಷಕವು ಒಟ್ಟಾಗಿ ದೊರೆಯಿತು.

ಮಿದುಳಿನಲ್ಲಿ ನರಕೋಶಗಳ ನಡುವೆ ಗ್ಲಿಯಾ ಎಂಬ ಬೇರೆ ಕೋಶಗಳೂ ಇವೆ. ಆ ಹೆಸರಿಗೆ ಅಂಟು ಎಂದರ್ಥ. ಅವು ಸಂದು ತುಂಬುವುದಕ್ಕೆ ಮಾತ್ರವೆಂದು ಬಹುಜನರ ಎಣಿಕೆ. ಕಹಾಲನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಗಮನ, ನಿದ್ರೆಗಳಲ್ಲಿ ಇವುಗಳ ಪಾತ್ರವೂ ಇರಬಹುದೆಂದು 1895ರಲ್ಲಿಯೇ ಊಹಿಸಿದನು. 1913ರಲ್ಲಿ ಚಿನ್ನದ ಲವಣದಿಂದ ಅವುಗಳ ನಕ್ಷತ್ರಾಕಾರವನ್ನು ಬೆಳಗಿ ತೋರಿಸಿದನು. ಅವನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಮಾನುವೇಲಾ ಸೆರ್ರಾ ಎಂಬಾಕೆಯು 1921ರಲ್ಲಿ ಕಪ್ಪೆಯ ಗ್ಲಿಯಾ ಕೋಶಗಳ ವಿಷಯವಾಗಿ ತನ್ನ ಹೆಸರಿನಲ್ಲಿಯೇ ಲೇಖನವನ್ನು ಪ್ರಕಟಿಸಿದಳು.

ಕಹಾಲನು 1934ನೆಯ ಅಕ್ಟೋಬರ್ 17ರಂದು ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡನು. ಅವನ ಸಂದೇಹಕ್ಕೆ ಉತ್ತರವು ದೊರೆಯಲು ಐವತ್ತು ವರ್ಷಗಳು ಹಿಡಿದವು. ಒಂದು ನರಕೋಶವು ಸೂಕ್ಷ್ಮವಾದ ಸಂದಿನಲ್ಲಿ ಸುರಿಸುವ ನರವಾಹಕವೆಂಬ ರಾಸಾಯನಿಕವನ್ನು ಇನ್ನೊಂದು ನರಕೋಶವು ತನ್ನ ಗ್ರಾಹಕಗಳಿಂದ ಗುರುತಿಸುತ್ತದೆ. ಗ್ಲುಟಮೇಟ್ ಎಂಬ ಅಂತಹ ನರವಾಹಕಕ್ಕೆ ಗ್ಲಿಯಾ ಕೋಶಗಳೂ ಓಗೊಡುತ್ತವೆಂದು 1984ರಲ್ಲಿ ಕಂಡುಬಂತು. ಅದು ತಾಗಿದಾಗ ಅವುಗಳಲ್ಲಿ ಕ್ಯಾಲ್ಸಿಯಮ್ಮಿನ ಅಲೆಗಳೆದ್ದು ಕೋಶದಿಂದ ಕೋಶಕ್ಕೆ ಹರಡುತ್ತವೆಂದು 1990ರಲ್ಲಿ ತಿಳಿಯಿತು. ಬರಿಯ ಅಂಟೆನಿಸಿದ್ದ ಕೋಶಗಳು ನರಗಳ ಮಾತನ್ನು ಕೇಳುತ್ತಲೇ ಇದ್ದುವು.

ಮಾತಾಪಿತೃಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅನೇಕ ಮನೆಗಳಲ್ಲಿ ಹೆಣ್ಣುಮಗಳು ಮನೆಗೆಲಸಕ್ಕೆ ಆಸರೆಯೆಂದೇ ಎಣಿಕೆಯಾಗುತ್ತಾಳೆ. ಆಕೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆದರೆ ಗದರಿಸುವ ಮೊದಲು ಆ ಚಿತ್ರವನ್ನು ಒಮ್ಮೆ ನೋಡಿರಿ. ದೇವರು ಕೊಟ್ಟ ತಲಾಂತನ್ನು ಹೂಳದೆ, ಅದಕ್ಕೆ ತಕ್ಕ ಪಾಠವನ್ನು ಒದಗಿಸುವುದು ನಮ್ಮ ನಿಮ್ಮೆಲ್ಲರ ಕರ್ತವ್ಯವಾಗಿದೆ.